ನೆರಡಿ ರೋಗ: ಉಸಿರಿನಿಂದ ತಗುಲಿದಾಗಿನ ಅಂಗಾಂಶ ಚಹರೆ, ಅಧ್ಯಯನದ ಇತಿಹಾಸ

ನೆರಡಿ ಅಥವಾ ಆಂಥ್ರಾಕ್ಸ್, ಬ್ಯಾಸಿಲಸ್ ಆಂಥ್ರಾಸಿಸ್ ಎಂಬ ಬ್ಯಾಕ್ಟೀರಿಯಾದಿಂದ ದನ, ಕುರಿ, ಮೇಕೆಗಳಿಗೆ ಬಂದು ಅವುಗಳಿಂದ ಮನುಷ್ಯರಿಗೂ ತಗಲುವ ಕಾಯಿಲೆ. ಕನ್ನಡ ಬರಹಗಳಲ್ಲಿ ಇದು ಎರಡು ಹೋಳಾಗಿದೆ: ಪಶುವೈದ್ಯ ಕೈಪಿಡಿಗಳ 'ನೆರಡಿ' ಒಂದು, 2001ರಲ್ಲಿ ಲಕೋಟೆಯ ಪುಡಿಯಾಗಿ ಸುದ್ದಿಗೆ ಬಂದ 'ಆಂಥ್ರಾಕ್ಸ್' ಇನ್ನೊಂದು. ರೋಗಾಣು ಒಂದೇ, ಹೊಕ್ಕ ದಾರಿ ಬೇರೆಯಾದ್ದರಿಂದ ಒಳಗೆ ಉಳಿಯುವ ಗುರುತೂ ಬೇರೆ.

ಮಂಡ್ಯ, ಮದ್ದೂರು, ಮಳವಳ್ಳಿಯಂಥ ದನ-ಕುರಿಯ ಸೀಮೆಗೆ ಪಶುವೈದ್ಯರು ಹೇಳುವುದು ಇಷ್ಟು: ದಿಢೀರನೆ ಸತ್ತು, ಮೂಗು-ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುವ ಪ್ರಾಣಿಯನ್ನು ಕೊಯ್ಯಬೇಡಿ. ಗಾಳಿ ತಾಗಿದರೆ ರೋಗಾಣು ಬೀಜಕವಾಗಿ ದಶಕಗಟ್ಟಲೆ ಮಣ್ಣಿನಲ್ಲಿ ಉಳಿಯುತ್ತದೆ. ಕಿವಿಯ ನಾಳದಿಂದ ಒಂದು ತೊಟ್ಟು ರಕ್ತವನ್ನು ಗಾಜಿಗೆ ಸವರಿ ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣ ಹಾಕಿದರೆ ಸಾಕು, ನೀಲಿ ಕಡ್ಡಿಗಳ ಸುತ್ತ ನಸುಗೆಂಪು ಕವಚ ಕಾಣುತ್ತದೆ. ನೆರೆಯ ಮೈಸೂರಿನಲ್ಲಿ ಮನುಷ್ಯರಿಗೆ ನೆರಡಿ ತಗುಲಿದ್ದರ ವರದಿ 2004ರಲ್ಲಿ ಪ್ರಕಟವಾಯಿತು. ಕೊಯ್ಯಬಾರದೆಂಬ ಈ ಕಟ್ಟಳೆಯಿಂದಾಗಿ ಅಂಗಾಂಶದ ವಿವರ ಕೊಟ್ಟಿಗೆಯಿಂದ ಹೆಚ್ಚು ಸಿಗುವುದಿಲ್ಲ; ಅದಕ್ಕೆ ಮನುಷ್ಯರ ಶವಪರೀಕ್ಷೆಗಳನ್ನೇ ನೋಡಬೇಕು.

ಜರ್ಮನಿಯ ವೈದ್ಯ ರಾಬರ್ಟ್ ಕೋಖ್ 1876ರಲ್ಲಿ ರೋಗಾಣುವಿನ ಜೀವನಚಕ್ರ ಬಿಡಿಸಿದ್ದು, ಉಣ್ಣೆಯಲ್ಲಿದ್ದ ಬೀಜಕಗಳನ್ನು ಉಸಿರಾಡಿ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಉಣ್ಣೆ ಕಾರ್ಮಿಕರು ಸತ್ತದ್ದು ಈ ಇತಿಹಾಸದಲ್ಲಿ ವಿವಾದವಿಲ್ಲದ ಸಂಗತಿಗಳು.

ವಿವಾದವೆದ್ದದ್ದು 1979ರ ಏಪ್ರಿಲ್‌ನಲ್ಲಿ ಸೋವಿಯತ್ ನಗರ ಸ್ವೆರ್ಡ್‌ಲೋವ್ಸ್ಕ್‌ನಲ್ಲಿ ನೆರಡಿಯಿಂದಾದ ಸಾವುಗಳ ಬಗ್ಗೆ. ಕೆಟ್ಟ ಮಾಂಸ ತಿಂದು ಸತ್ತರೆಂದು ಸೋವಿಯತ್ ಸರ್ಕಾರ ಹೇಳಿತು. ಗುಪ್ತಚರ ಸಂಸ್ಥೆ ಕೆಜಿಬಿ ದಾಖಲೆಗಳನ್ನು ಒಯ್ದರೂ ರೋಗಶಾಸ್ತ್ರಜ್ಞರಾದ ಫೈನಾ ಅಬ್ರಮೋವಾ, ಲೆವ್ ಗ್ರಿನ್‌ಬರ್ಗ್ ಅಂಗಾಂಶದ ಮಾದರಿಗಳನ್ನು ಅಡಗಿಸಿ ಇಟ್ಟುಕೊಂಡಿದ್ದರು. 1993ರಲ್ಲಿ ಪ್ರಕಟವಾದ ಅವರ 42 ಶವಪರೀಕ್ಷೆಗಳ ಲೆಕ್ಕ ಮೊದಲ ನೋಟಕ್ಕೆ ಸರ್ಕಾರದ ಮಾತನ್ನೇ ಎತ್ತಿ ಹಿಡಿಯುವಂತಿತ್ತು: 39 ಮಂದಿಯ ಜಠರ-ಕರುಳಿನಲ್ಲಿ ರಕ್ತಸ್ರಾವದ ಕಲೆಗಳು. ಆದರೆ ಕರುಳಿನ ದುಗ್ಧಗ್ರಂಥಿಗಳು ಕೆಟ್ಟಿದ್ದು 9 ಮಂದಿಯಲ್ಲಷ್ಟೇ. ಎದೆಯ ದುಗ್ಧಗ್ರಂಥಿಗಳು ಎಲ್ಲ 42ರಲ್ಲೂ ರಕ್ತ ತುಂಬಿ ಕೊಳೆತಿದ್ದವು. ಕರುಳಿಗೆ ರೋಗ ಬಂದದ್ದು ರಕ್ತದ ಮೂಲಕ, ಹೊಕ್ಕದ್ದು ಶ್ವಾಸಕೋಶದ ಮೂಲಕ. 21 ಮಂದಿಯಲ್ಲಿ ಮೆದುಳ ಪೊರೆಗೂ ರಕ್ತ ಇಳಿದಿತ್ತು. ಮೆದುಳಿನ ಮೇಲಿನ ಈ ಕೆಂಪು ಹೊದಿಕೆಯನ್ನು ವೈದ್ಯರು, ಕ್ಯಾಥೊಲಿಕ್ ಕಾರ್ಡಿನಲ್‌ಗಳ ಕೆಂಪು ಟೋಪಿಗೆ ಹೋಲಿಸಿ, 'ಕಾರ್ಡಿನಲ್ ಟೋಪಿ' ಎನ್ನುತ್ತಾರೆ. ಉಸಿರಿನಿಂದ ತಗುಲಿದ ನೆರಡಿಯನ್ನು ಮಾಮೂಲಿ ನ್ಯುಮೋನಿಯಾ ಎನ್ನುವುದು ತಪ್ಪು: ಬೀಜಕಗಳನ್ನು ನುಂಗಿದ ಶ್ವಾಸಕೋಶದ ರಕ್ಷಣಾ ಕೋಶಗಳೇ ಅವನ್ನು ಎದೆಯ ಗ್ರಂಥಿಗಳಿಗೆ ಹೊತ್ತೊಯ್ಯುತ್ತವೆ. ಅವು ಮೊಳೆಯುವುದು ಅಲ್ಲಿ.

2001ರಲ್ಲಿ ಅಮೆರಿಕದಲ್ಲಿ ಅಂಚೆಯಲ್ಲಿ ಬಂದ ಬೀಜಕದ ಪುಡಿಯ ಲಕೋಟೆಗಳಿಂದ 22 ಮಂದಿಗೆ ರೋಗ ತಗುಲಿತು; ಅವರಲ್ಲಿ 11 ಮಂದಿಗೆ ಉಸಿರಿನಿಂದ, ಸತ್ತವರು 5. ಮೊದಲನೆಯವರಾದ ರಾಬರ್ಟ್ ಸ್ಟೀವನ್ಸ್ ಅಕ್ಟೋಬರ್ 5ರಂದು ತೀರಿಕೊಂಡರು. ಸುಳಿವು ಕೊಟ್ಟದ್ದು ಅವರ ಬೆನ್ನುಹುರಿಯ ದ್ರವದಲ್ಲಿ ಕಂಡ ಕಡ್ಡಿಗಳು. ಆ್ಯಂಟಿಬಯೋಟಿಕ್ ಬಿದ್ದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯದಿದ್ದಾಗಲೂ, ರೋಗಾಣುವಿನ ಕೋಶಭಿತ್ತಿ, ಕವಚಗಳ ತುಣುಕುಗಳು ಎದೆಗೂಡಿನ ದ್ರವ ಮತ್ತು ಪೊರೆಯಲ್ಲಿ ಪ್ರತಿಕಾಯ ಬಣ್ಣಗಾರಿಕೆಗೆ ಸಿಕ್ಕವು.