ಪಿಷ್ಟಪಶು

ಯಜ್ಞದಲ್ಲಿ ಜೀವಂತ ಪಶುವಿಗೆ ಬದಲಾಗಿ ಅಕ್ಕಿ ಇಲ್ಲವೆ ಜವೆಗೋದಿಯ ಹಿಟ್ಟಿನಿಂದ ಮಾಡಿ ಅರ್ಪಿಸುವ ಪಶುವಿನ ಆಕೃತಿ. ವೈದಿಕ ಪಶುಬಲಿ ಹಿಂದೆ ಸರಿದದ್ದಕ್ಕೆ ಬೌದ್ಧ, ಜೈನರ ಖಂಡನೆಯೊಂದನ್ನೇ ಕಾರಣವಾಗಿ ಹೇಳುವ ವಾಡಿಕೆಯಿದೆ. ಆ ಖಂಡನೆಯ ಪಾತ್ರ ದೊಡ್ಡದು, ನಿಜ. ಆದರೆ ಪಶುವಿನ ಜಾಗಕ್ಕೆ ಧಾನ್ಯ ಬರಬಹುದೆಂಬ ವಿಚಾರ ಬ್ರಾಹ್ಮಣಗ್ರಂಥಗಳಲ್ಲೇ ಇದೆ.

ಐತರೇಯ, ಶತಪಥ ಬ್ರಾಹ್ಮಣಗಳ ಪ್ರಕಾರ ದೇವತೆಗಳು ಮೊದಲು ಬಲಿಗೆ ಹಿಡಿದದ್ದು ಮನುಷ್ಯನನ್ನು. ಅವನಲ್ಲಿದ್ದ ಯಜ್ಞಸಾರ, ಅಂದರೆ ಮೇಧ, ಹೊರಟು ಕುದುರೆಯನ್ನು ಹೊಕ್ಕಿತು. ಅಲ್ಲಿಂದ ಎತ್ತು, ಕುರಿ, ಆಡುಗಳಿಗೆ ದಾಟಿ ಕೊನೆಗೆ ನೆಲಕ್ಕಿಳಿದು ಧಾನ್ಯವಾಯಿತು. ಹಾಗಾಗಿ ಪುರೋಡಾಶವೆಂಬ ಹಿಟ್ಟಿನ ರೊಟ್ಟಿಯೂ ಪಶುವೇ. ಶತಪಥ ಇದನ್ನು ರೊಟ್ಟಿ ಸಿದ್ಧವಾಗುವ ಒಂದೊಂದು ಹಂತಕ್ಕೂ ಅನ್ವಯಿಸುತ್ತದೆ: ಒಣಹಿಟ್ಟು ಕೂದಲು, ನೀರು ಬಿದ್ದಾಗ ಚರ್ಮ, ಕಲಸಿದಾಗ ಮಾಂಸ, ಬೆಂದಾಗ ಮೂಳೆ, ತುಪ್ಪ ಹಾಕಿದಾಗ ಮಜ್ಜೆ. ಚಾತುರ್ಮಾಸ್ಯಯಾಗಗಳಲ್ಲೊಂದಾದ ವರುಣಪ್ರಘಾಸದಲ್ಲಿ ಜವೆಹಿಟ್ಟಿನಿಂದ ಟಗರು, ಹೆಣ್ಣುಕುರಿಗಳನ್ನು ಮಾಡಿ ಮೈಗೆ ಉಣ್ಣೆ ಅಂಟಿಸುವ ವಿಧಿಯೂ ಉಂಟು. ಇವೆಲ್ಲ ಅಹಿಂಸೆಯ ಕಾಳಜಿಯಿಂದಲೇ ಹುಟ್ಟಿದವೆನ್ನಲಾಗದು. ಅದೇ ಗ್ರಂಥಗಳು ಪಶುಯಾಗವನ್ನೂ ವಿಸ್ತಾರವಾಗಿ ವಿಧಿಸುತ್ತವೆ. ಮುಂದೆ ಹಿಂಸೆಗೆ ಅಂಜಿದವರಿಗೆ ಮಾತ್ರ ಇವು ಗಟ್ಟಿ ಆಧಾರವಾಗಿ ಒದಗಿದವು.

ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಬಲಿಗಾಗಿ ಪ್ರಾಣಿವಧೆ ಕೂಡದೆಂದು ಶಾಸನ ಹಾಕಿಸಿದ. ಮಹಾಭಾರತದ ಶಾಂತಿಪರ್ವದಲ್ಲಿ, ಧಾನ್ಯದಿಂದಲೇ ಯಜ್ಞವಾಗಬೇಕೆಂದ ಋಷಿಗಳ ಎದುರು ಆಡಿನ ಬಲಿಯ ಪಕ್ಷ ಹಿಡಿದ ದೊರೆ ಉಪರಿಚರ ವಸು ಆಕಾಶದಿಂದ ಬೀಳುತ್ತಾನೆ. ಮನುಸ್ಮೃತಿಯ 5ನೆಯ ಅಧ್ಯಾಯದಲ್ಲಿ ಎರಡೂ ನಿಲುವುಗಳಿವೆ: ಯಜ್ಞದಲ್ಲಿ ಮಾಡಿದ ವಧೆ ವಧೆಯಲ್ಲ, ಮಾಂಸದ ಆಸೆ ತಡೆಯದಿದ್ದರೆ ತುಪ್ಪದ ಇಲ್ಲವೆ ಹಿಟ್ಟಿನ ಪಶುವನ್ನು ಮಾಡಿಕೊಳ್ಳಬೇಕೇ ಹೊರತು ವ್ಯರ್ಥವಾಗಿ ಕೊಲ್ಲಬಾರದು. ಸಾಂಖ್ಯರು ವೈದಿಕ ಹಿಂಸೆಯಲ್ಲಿ ಅಶುದ್ಧಿ ಕಂಡರು. ಮೀಮಾಂಸಕರೂ ಶಂಕರರೂ ವೇದವಿಹಿತವಾದದ್ದು ಅಧರ್ಮವಲ್ಲವೆಂದರು.

ಜೈನರು ಹಿಟ್ಟಿನ ಪಶುವನ್ನೂ ಒಪ್ಪಲಿಲ್ಲ. ಸೋಮದೇವನ ಸಂಸ್ಕೃತ ಯಶಸ್ತಿಲಕದಲ್ಲೂ (959) ಜನ್ನನ ಕನ್ನಡ ಯಶೋಧರಚರಿತೆಯಲ್ಲೂ (1209) ದೊರೆ ಯಶೋಧರ ತಾಯಿಯ ಒತ್ತಾಯಕ್ಕೆ ಮಣಿದು ದೇವಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಸಂಕಲ್ಪಹಿಂಸೆಯ ಫಲವಾಗಿ ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ಜನ್ಮದಿಂದ ಜನ್ಮಕ್ಕೆ ತೊಳಲುತ್ತಾರೆ. ಕೊಲೆ ನಡೆಯುವುದು ಕೈಯಲ್ಲೋ ಮನಸ್ಸಿನಲ್ಲೋ ಎಂಬ ಪ್ರಶ್ನೆಯನ್ನು ಇಷ್ಟು ತೀವ್ರವಾಗಿ ಎತ್ತಿದ ಕಾವ್ಯಗಳು ವಿರಳ. 13ನೆಯ ಶತಮಾನದ ಮಧ್ವಾಚಾರ್ಯರಿಂದ ಬೆಳೆದ ಪರಂಪರೆಯಾದರೋ ಪಿಷ್ಟಪಶುವೇ ಶಾಸ್ತ್ರಸಮ್ಮತವೆಂದು ಹಿಡಿಯಿತು. ವಿಧಿಸಿದ ದ್ರವ್ಯವನ್ನು ಬದಲಿಸಿದರೆ ಯಜ್ಞವೇ ಕೆಡುತ್ತದೆಂದು ಎದುರುಪಕ್ಷದ ಪಂಡಿತರು ವಾದಿಸಿದರು. ಈ ವಿವಾದ ಬಹುಕಾಲ ನಡೆದು, ಅದನ್ನೇ ವಿಷಯವಾಗಿಸಿಕೊಂಡ ಸಂಸ್ಕೃತ ವಾದಗ್ರಂಥಗಳೂ ಹುಟ್ಟಿದವು.