ನಿರಿಗೆ ಮೈಯ ನಾಯಿ



ಹೊಲ, ಹಟ್ಟಿ, ಕುರಿ ಕಾಯಲಿಕ್ಕೆ ನಮಗೆ ನಾಯಿ ಬೇಕೇ ಬೇಕು. ಆದರೆ ಸೀರೆಯ ನಿರಿಗೆಯಂತೆ ಮೈಯೆಲ್ಲ ಸುಕ್ಕುಗಟ್ಟಿದ ಪಟ್ಟಣದ ಮರಿ ಕಂಡು ಯಾರಿಗಾದರೂ ಆಸೆಯಾದೀತು. ರೊಕ್ಕ ಎಣಿಸುವ ಮುಂಚೆ ಅದರ ಕತೆ ಕೇಳಿರಿ.

ಅದರ ಹೆಸರು ಶಾರ್‌ಪೇ. ಮರಳಿನಂಥ ಚರ್ಮ ಎಂದು ಅರ್ಥ. ದಕ್ಷಿಣ ಚೀನದ ಗುವಾಂಗ್‌ಡಾಂಗ್ ಸೀಮೆಯ ಒಕ್ಕಲುತನದ ಮಂದಿ ಮನೆ ಕಾಯಲು, ಬೇಟೆಗೆ ಸಾಕಿದ ನಾಯಿ. ಕಾದಾಟಕ್ಕೂ ಬಿಡುತ್ತಿದ್ದರು. ವೈರಿ ಚರ್ಮ ಹಿಡಿದರೂ, ಚರ್ಮ ಸಡಿಲವಿದ್ದುದರಿಂದ ಇದು ತಿರುಗಿ ಕಚ್ಚುತ್ತಿತ್ತು. ಆಗಿನ ನಾಯಿಗೆ ಸುಕ್ಕು ಅಷ್ಟಕ್ಕಷ್ಟೇ. 1949ರ ನಂತರ ಚೀನದಲ್ಲಿ ನಾಯಿ ಸಾಕುವುದೇ ಕಷ್ಟವಾಗಿ ತಳಿ ಅಳಿಯುತ್ತ ಬಂತು. 1973ರಲ್ಲಿ ಹಾಂಗ್‌ಕಾಂಗಿನ ಮಾಟ್ಗೋ ಲಾ ಎಂಬವರು ಪತ್ರಿಕೆಯೊಂದರ ಮೂಲಕ ಅಮೆರಿಕದವರಿಗೆ ಮೊರೆಯಿಟ್ಟರು. ತಳಿ ಉಳಿಯಿತು, ಒಳ್ಳೆಯದೇ. ಆದರೆ ಕೊಳ್ಳುವವರ ಕಣ್ಣೆಲ್ಲ ಸುಕ್ಕಿನ ಮೇಲೆ! ಹೆಚ್ಚು ಸುಕ್ಕಿನವನ್ನೇ ಆರಿಸಿ ಆರಿಸಿ ಕೂಡಿಸಿದರು.

ಅದರ ಫಲ ನಾಯಿ ಉಣ್ಣುತ್ತಿದೆ. ಸುಕ್ಕು ತರುವ ವಂಶಗುಣಕ್ಕೂ ಮೇಲಿಂದ ಮೇಲೆ ಬರುವ ಜ್ವರಕ್ಕೂ ನಂಟುಂಟೆಂದು ವಿಜ್ಞಾನಿಗಳು 2011ರಲ್ಲಿ ತೋರಿಸಿದರು. ಜ್ವರದ ಕೂಡ ಹಿಂಗಾಲ ಕೀಲು ಬಾತುಕೊಳ್ಳುತ್ತದೆ; ಮುಂದೆ ಮೂತ್ರಪಿಂಡ ಕೆಡುವುದೂ ಉಂಟು. ರೆಪ್ಪೆ ಒಳಮಡಚಿ ಕೂದಲು ಕಣ್ಣಿಗೆ ಉಜ್ಜುತ್ತದೆ. ನಮ್ಮ ಬ್ಯಾಸಿಗಿ ಧಗೆ, ಕಾಲುವೆ ಗದ್ದೆಯ ಕೆಸರು ಸೇರಿದರೆ ಮಡಿಕೆಯಲ್ಲಿ ತೇವ ನಿಂತು ಹುಣ್ಣಾಗಲಿಕ್ಕೆ ಇನ್ನೇನು ಬೇಕು?

ಈಗ ನಮ್ಮ ಕಡೆಯ ನಾಯಿ ನೋಡ್ರಿ. ಲಿಂಗಸುಗೂರಿನಿಂದ ಮುದಗಲ್ಲು, ಇಳಕಲ್ಲು, ಬಾಗಲಕೋಟೆ ದಾಟಿದರೆ ಮುಧೋಳ. ಅಲ್ಲಿಯ ನಾಯಿಯ ಮೈಮೇಲೆ ಹುಡುಕಿದರೂ ಸುಕ್ಕು ಸಿಗದು. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ. ಓಟಕ್ಕೇ ಮಾಡಿದ ಮೈ. ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಇದನ್ನು ಬೆಳೆಸಿ, ಐದನೆಯ ಜಾರ್ಜ್ ದೊರೆಗೂ ಒಂದು ಜೋಡಿ ಕಾಣಿಕೆ ಕೊಟ್ಟರು. 2005ರಲ್ಲಿ ಇದರ ಚಿತ್ರ ಅಂಚೆಚೀಟಿಯ ಮೇಲೂ ಬಂತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಮರಿ ಬೇಕಾದವರು ಅಲ್ಲಿ ವಿಚಾರಿಸಬಹುದು. ಮೊಲದ ಬೇಟೆಗೆ ಮಾತ್ರ ಬಿಡಬೇಡಿ, 1972ರ ವನ್ಯಜೀವಿ ಕಾಯದೆ ಅಡ್ಡ ಬರುತ್ತದೆ. ತೆಳ್ಳನೆಯ ನಾಯಿಯಾದ್ದರಿಂದ ಚಳಿಗಾಲದಲ್ಲಿ ಮಲಗಲು ಗೋಣಿತಟ್ಟು ಹಾಸಿರಿ. ಶಸ್ತ್ರಚಿಕಿತ್ಸೆ ಮಾಡಿಸುವ ಪ್ರಸಂಗ ಬಂದರೆ, ಅರಿವಳಿಕೆ ಕೊಡುವ ಮುಂಚೆ ತಳಿ ಯಾವುದೆಂದು ವೈದ್ಯರಿಗೆ ತಿಳಿಸಿರಿ. ಓಟದ ನಾಯಿಗೆ ಅದು ಬೇಗ ಇಳಿಯದು.

ಸುಕ್ಕಿನ ನಾಯಿ ಆಗಲೇ ಮನೆಯಲ್ಲಿದ್ದರೆ ಬಿಟ್ಟು ಹಾಕಬೇಡಿ, ಅದರ ತಪ್ಪೇನು? ನೆರಳಿನಲ್ಲಿ ಕಟ್ಟಿರಿ. ದಿನಾ ಮಡಿಕೆ ಬಿಡಿಸಿ ಒಣ ಬಟ್ಟೆಯಿಂದ ಒರೆಸಿರಿ, ಎಣ್ಣೆ ಸವರಬೇಡಿ. ಜ್ವರ ಬಂದಾಗ ಮನುಷ್ಯರ ಗುಳಿಗೆ ನುಂಗಿಸಬೇಡಿ, ಪಶುವೈದ್ಯರಲ್ಲಿಗೆ ಒಯ್ಯಿರಿ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅಷ್ಟೇ, ತಡ ಮಾಡಿದರೆ ದೃಷ್ಟಿ ಹೋದೀತು.

ತಳಿ ಯಾವುದೇ ಇರಲಿ, ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿರಿ, ಆಮೇಲೆ ವರ್ಷಕ್ಕೊಮ್ಮೆ.