ಗಲ್ಲಿ

ಬೀದರಿನ ಚೌಬಾರಾ ಗೋಪುರದ ಸುತ್ತ ಹಳೇ ಊರೊಳಗೆ ನಡೆದರೆ ಓಣಿ, ಕೇರಿ, ಗಲ್ಲಿ ಮೂರೂ ಮಾತು ಕಿವಿಗೆ ಬೀಳುತ್ತವೆ. ಕೇರಿ ದ್ರಾವಿಡದ್ದು; ತಮಿಳರ ಬಾಯಲ್ಲಿ ಅದೇ ಚೇರಿ, ಪುದುಚ್ಚೇರಿಯ ಚೇರಿ. ಗಲ್ಲಿ ಮಾತ್ರ ಉತ್ತರದಿಂದ ಬಂದದ್ದು. ಯಾವ ಬಾಗಿಲಿನಿಂದ ಬಂತು? ಉರ್ದುವಿನಲ್ಲಿ ಒಂದೇ ಲಕಾರ, 'ಗಲೀ'. ಮರಾಠಿಯಲ್ಲಿ ಒತ್ತಿದೆ, 'ಗಲ್ಲೀ'. ನಮ್ಮ ಬೀದರ್ ಕಡೆಯ ಕೊಳಾರದಿಂದ ಭಾಲ್ಕಿ, ಔರಾದದ ತನಕ ನಾವು ಆಡುವುದೂ ಒತ್ತಿನದೇ. ಬಹಮನಿಗಳು ಆಳಿದರು, 1948ರ ತನಕ ನಿಜಾಮರು ಆಳಿದರು. ಆದರೂ ಈ ಮಾತನ್ನು ನಾವು ಕಲಿತದ್ದು ದರಬಾರಿನಿಂದಲ್ಲ, ಮರಾಠಿ ನೆರೆಮನೆಯವರಿಂದ ಎಂದೇ ನನಗೆ ತೋರುತ್ತದೆ.

ಸಂಸ್ಕೃತದ 'ಗಲ', ಅಂದರೆ ಕೊರಳು, ಇದರ ಮೂಲವೆನ್ನುವ ನಿಘಂಟುಕಾರರಿದ್ದಾರೆ. ಇಕ್ಕಟ್ಟಿನ ದಾರಿ ಊರಿನ ಗಂಟಲು. ಚೆಲುವಾದ ಊಹೆ, ನಾನು ಒಪ್ಪುತ್ತೇನೆ.

ಆ ಗಂಟಲಿಗೆ ಮರ್ಯಾದೆ ಮಾತ್ರ ಸಿಗಲಿಲ್ಲ. 'ಗಲ್ಲಿ ಪುಂಡರು', 'ಗಲ್ಲಿ ಜಗಳ' ಎಂದೇ ಬರೆದೆವು. ಚುನಾವಣೆ ಬಂದಾಗ ಪ್ರಾಸಕ್ಕೆಂದು 'ಗಲ್ಲಿಯಿಂದ ದಿಲ್ಲಿಗೆ' ಎಂದೆವು.

ಈ ತಿರಸ್ಕಾರವನ್ನು ತಿರುಗಿಸಿದವರು ರ‍್ಯಾಪ್ ಹಾಡುವ ಹುಡುಗರು. ಅಮೆರಿಕದಲ್ಲಿ 'ನೇಬರ್‌ಹುಡ್' ಎಂಬ ಮಾತಿನ ಬಾಲ 'ಹುಡ್' ಬಡ ಕರಿಯರ ಕೇರಿಗೆ ಹೆಸರಾಗಿತ್ತು. ನ್ಯೂ ಆರ್ಲಿಯನ್ಸ್‌ನ ಕ್ಯಾಲಿಯೋಪ್ ವಸತಿಯಲ್ಲಿ ಬೆಳೆದ ರ‍್ಯಾಪರ್ ಮಾಸ್ಟರ್ ಪಿ 1997ರಲ್ಲಿ ತನ್ನದೇ ಕಂಪನಿಯಿಂದ 'ಐಯಾಮ್ ಬೌಟ್ ಇಟ್' ಚಿತ್ರ ತೆಗೆದು, ಥಿಯೇಟರಿನ ಹಂಗಿಲ್ಲದೆ ನೇರ ವಿಡಿಯೋ ಕ್ಯಾಸೆಟ್‌ನಲ್ಲಿ ಮಾರಿದ. ಬೀದಿಯ ಬದುಕನ್ನು ಬೀದಿಯವನೇ ಚಿತ್ರವಾಗಿಸಿದ. ಅಲ್ಲಿ ಹುಡ್, ಇಲ್ಲಿ ಗಲ್ಲಿ. 2014ರಲ್ಲಿ ಮುಂಬೈಯ ಕುರ್ಲಾದ ರ‍್ಯಾಪರ್ ನೇಜಿ ಒಂದು ಐಪ್ಯಾಡ್ ಹಿಡಿದು, ಅದರಲ್ಲೇ ಹಾಡು ಮುದ್ರಿಸಿ, ಅದರಲ್ಲೇ ತನ್ನ ಮೊಹಲ್ಲಾವನ್ನು ಚಿತ್ರಿಸಿ 'ಆಫತ್' ಹೊರತಂದ. ಮರುವರ್ಷ ಇನ್ನೊಬ್ಬ ರ‍್ಯಾಪರ್ ಡಿವೈನ್ ಜೊತೆ 'ಮೇರೆ ಗಲ್ಲಿ ಮೇ' ಹಾಡು. ಇಬ್ಬರ ಬದುಕಿನ ಪ್ರೇರಣೆಯಿಂದ ನಿರ್ದೇಶಕಿ ಜೋಯಾ ಅಖ್ತರ್ 2019ರಲ್ಲಿ 'ಗಲ್ಲಿ ಬಾಯ್' ಮಾಡಿದರು. ಅದು ದೊಡ್ಡ ಸಂಸ್ಥೆಗಳ ಸಿನಿಮಾ. ನನಗೆ ಆ ಐಪ್ಯಾಡೇ ದೊಡ್ಡದು.

ಹಿಂದಿಯಲ್ಲಿ ಗಲೀ ಸ್ತ್ರೀಲಿಂಗ, ವ್ಯಾಕರಣದ ಪ್ರಕಾರ 'ಮೇರೀ' ಆಗಬೇಕು. ಮುಂಬೈಯ ಬಾಯಿ 'ಮೇರೆ' ಅಂದಿತು, ಹಾಡು ಹಾಗೇ ಉಳಿಯಿತು. ನಮ್ಮ ಕಡೆಯ ಹುಡುಗರು ಅದನ್ನು ಕನ್ನಡದಲ್ಲಿ ಹೇಳಿದರೆ 'ನನ್ನ ಗಲ್ಲಿ' ಎನ್ನಲಾರರು. ಗಲ್ಲಿಯನ್ನು ಇಲ್ಲಿ ಯಾರೂ ತಮ್ಮೊಬ್ಬರದೇ ಎನ್ನುವುದಿಲ್ಲ. ನಮ್ಮ ಗಲ್ಲ್ಯಾಗ ಅಂತಾರೆ.